ಸೀಮೆಎಣ್ಣೆ ಡಬ್ಬಿಯ ಅಳತೆ

ಮಾಲೀಕ ಒಬ್ಬನೇ ಇದ್ದರೆ ನೌಕರಿ ಸುಲಭ. ಬೆಳಿಗ್ಗೆ ಅವನ ಮುಖ ನೋಡಿದರೆ ಸಾಕು, ಆ ದಿನ ಹೇಗಿರುತ್ತದೆ ಎಂದು ಗೊತ್ತಾಗಿಬಿಡುತ್ತದೆ. ನನಗೆ ಮಾಲೀಕರು ಲಂಡನ್ ತುಂಬ ಇದ್ದರು. ಬೇರೆ ಬೇರೆ ಬಡಾವಣೆಗಳಲ್ಲಿ ಸ್ವಂತ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದ ಯಜಮಾನರೆಲ್ಲ ಸೇರಿ ಕಟ್ಟಿಕೊಂಡ ಒಕ್ಕೂಟದಲ್ಲಿ ನಾನು ಕೆಲಸ ಮಾಡಿದ್ದು. ಹೊರಗಿನವರಿಗೆ ಅದು ಒಂದೇ ಕಂಪನಿಯ ಅಂಗಡಿಗಳ ಸಾಲು. ಹೆಚ್ಚುಕಡಿಮೆ ಎಲ್ಲ ಕಡೆ ಅದೇ ಹಸಿರು ಬೋರ್ಡು, ಅದೇ ಹಸಿರು ಚೀಲ. ಒಳಗೆ ಬಂದವರಿಗೆ ಮಾತ್ರ ಗೊತ್ತು, ಇಲ್ಲಿ ಅಂಗಡಿಗಳೇ ಕಂಪನಿಯನ್ನು ಸಾಕಿಕೊಂಡಿವೆ ಎಂದು. ಸಗಟಿನಲ್ಲಿ ಸಾಮಾನು ತರಿಸಲು ಎಜ್‌ವೇರ್ ಹತ್ತಿರ ಒಂದು ಗೋದಾಮು, ಅದನ್ನು ನೋಡಿಕೊಳ್ಳಲು ನಮ್ಮಂಥ ಕೆಲವರು.

ಆ ಯಜಮಾನರಲ್ಲಿ ಯಾರು ಬೇಕಾದರೂ ಫೋನ್ ಮಾಡಿ ‘ಈ ಗೋದಾಮು ನನ್ನದು’ ಎನ್ನಬಹುದಿತ್ತು. ಎನ್ನುತ್ತಲೂ ಇದ್ದರು. ನಲ್ಲಿಯ ವಾಷರ್ ಒಂದು ಕಡಿಮೆ ಬಂದರೆ ಅವರು ಮಾಲೀಕರು, ಲಾರಿ ಅರ್ಧ ಗಂಟೆ ತಡವಾದರೆ ಮಾಲೀಕರು. ಸಭೆಗೆ ಬನ್ನಿ, ಮತ ಹಾಕಿ ಎಂದು ಕರೆದಾಗ ಮಾತ್ರ ಎಲ್ಲರಿಗೂ ಅಂಗಡಿಯಲ್ಲಿ ಗಿರಾಕಿಗಳು ತುಂಬಿಬಿಡುತ್ತಿದ್ದರು. ದೊಡ್ಡ ಅಂಗಡಿಗೂ ಒಂದು ಮತ, ಒಬ್ಬರು ಬಂದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದ ಅಂಗಡಿಗೂ ಒಂದೇ ಮತ. ಒಮ್ಮೆ ಕ್ಯಾಟಲಾಗಿನ ರಕ್ಷಾಪುಟದ ಮೇಲೆ ಏಣಿಯ ಚಿತ್ರ ಹಾಕಬೇಕೋ ಕೈಗಾಡಿಯ ಚಿತ್ರ ಹಾಕಬೇಕೋ ಎಂದು ಊಟದ ತನಕ ಜಗಳವಾಡಿ, ಊಟವಾದ ಮೇಲೆ ಮತ್ತೆ ಶುರು ಮಾಡಿ, ಕೊನೆಗೆ ಚಿತ್ರವೇ ಬೇಡ ಎಂದು ಎದ್ದುಹೋದರು. ಆ ವರ್ಷ ಬರಿಯ ಹಸಿರು ರಟ್ಟಿನ ಕ್ಯಾಟಲಾಗು ಬಂತು. ಮಾರಾಟಕ್ಕೇನೂ ಕುಂದಾಗಲಿಲ್ಲ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ನನ್ನ ತಂಗಿಯ ಮಗಳು ಇಂಥದೇ ಇನ್ನೊಂದು ಒಕ್ಕೂಟದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ‘ದೊಡ್ಡಮ್ಮ, ಅಲ್ಲಿ ನಿಜವಾಗಿ ಏನು ಮಾಡುತ್ತಿದ್ದಿರಿ?’ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಕನ್ನಡದಲ್ಲಿ ಬರೆಯುತ್ತೇನೆ, ಅವಳ ಅಮ್ಮ ಓದಿ ಹೇಳಲಿ. ನನಗೆ ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಎಂಬುದರಿಂದ ಅವಳಿಗೆ ಏನೂ ಆಗಬೇಕಾಗಿಲ್ಲ. ನಾನು ಎಲ್ಲೆಲ್ಲಿ ಎಡವಿದೆ ಎಂದು ಹೇಳಿದರೆ ಉಪಯೋಗವಾದೀತು.

ತೊಂಬತ್ತರ ದಶಕದ ಮೊದಲಲ್ಲಿ ನಾನು ಅಲ್ಲಿಗೆ ಸೇರಿದಾಗ ನನಗೆ ಹಾರ್ಡ್‌ವೇರ್ ಎಂದರೆ ಕುಂದಾಪುರದ ಪೇಟೆಯಲ್ಲಿ ಅಪ್ಪ ಬಿಜಾಗರಿ ತರುತ್ತಿದ್ದ ಅಂಗಡಿ, ಅಷ್ಟೇ. ನನ್ನ ಗಂಡ ಲಂಡನ್ನಿನ ಉಡುಪಿ ಹೋಟೆಲೊಂದರಲ್ಲಿ ಅಡುಗೆಯವರು. ಮನೆಯಲ್ಲಿ ಕೂತು ಕೂತು ನನಗೆ ಗೋಡೆ ತಲೆಗೆ ಬಡಿದಂತಾಗಿತ್ತು. ಗೋದಾಮಿನಲ್ಲಿ ಫೋನಿನ ಮೇಲೆ ಆರ್ಡರ್ ಬರೆದುಕೊಳ್ಳುವ ಕೆಲಸ ಖಾಲಿ ಇದೆ ಎಂದು ಯಾರೋ ಹೇಳಿದರು, ಹೋದೆ.

ಅಲ್ಲಿನ ಮ್ಯಾನೇಜರ್ ಡೆನಿಸ್ ಎಂಬ ದಪ್ಪ ಮನುಷ್ಯ. ಅವರ ಅಪ್ಪ, ಅಜ್ಜ ಇಬ್ಬರೂ ಹಾರ್ಡ್‌ವೇರ್ ಅಂಗಡಿಯವರು. ನನ್ನ ಓದು ಬರಹ ಏನೂ ಕೇಳದೆ ಮೇಜಿನ ಡ್ರಾಯರ್ ಎಳೆದು, ಕಣ್ಣು ಮುಚ್ಚಿ ಕೈ ಹಾಕಿ ಎಂದರು. ಒಳಗೆ ಬಗೆಬಗೆಯ ಸ್ಕ್ರೂಗಳ ರಾಶಿ. ಒಂದೊಂದನ್ನೂ ಹೆಬ್ಬೆರಳಲ್ಲಿ ಸವರಿ ಇದು ಮರಕ್ಕೆ, ಇದು ತಗಡಿಗೆ, ಇದು ಗೋಡೆಗೆ ಎಂದು ಹೇಳಬೇಕಂತೆ. ನಾನು ಒಂದೊಂದಕ್ಕೂ ಗೊತ್ತಿಲ್ಲ ಎಂದೆ.

"ಪರವಾಗಿಲ್ಲ," ಎಂದರು ಡೆನಿಸ್. "ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಿರಿ. ಇದಕ್ಕೆ ಮುಂಚೆ ಬಂದವನು ಎಲ್ಲವನ್ನೂ ಧೈರ್ಯವಾಗಿ ತಪ್ಪು ಹೇಳಿದ."

ಆ ಗುಣ ನನ್ನಲ್ಲಿ ಕೊನೆಯ ತನಕ ಉಳಿಯಲಿಲ್ಲ ಎಂಬುದೇ ಈ ಬರಹದ ಸಾರ. ಅದು ಮುಂದೆ ಬರುತ್ತದೆ.

ಒಂದು ವಾರ ಡೆನಿಸ್ ನನ್ನ ಕೈಯಲ್ಲಿ ಆ ಡ್ರಾಯರನ್ನೇ ಬೇರೆ ಬೇರೆ ಮಾಡಿಸಿದರು. ನಾನು ಬೇರೆ ಮಾಡಿಟ್ಟದ್ದನ್ನು ಸಂಜೆ ಮನೆಗೆ ಹೋಗುವ ಮುಂಚೆ ಮತ್ತೆ ಕಲಸಿಹಾಕುತ್ತಿದ್ದರು. ನನಗೆ ಅಳು ಬರುವಷ್ಟು ಸಿಟ್ಟು. ಆದರೆ ಆಮೇಲೆ ಫೋನಿನಲ್ಲಿ ಯಾರಾದರೂ ‘ಅದೇ, ತಲೆ ಗುಂಡಗೆ ಇರುತ್ತದಲ್ಲ, ಅದು’ ಎಂದರೆ ನನ್ನ ಹೆಬ್ಬೆರಳಿಗೆ ಮೊದಲು ತಿಳಿಯುತ್ತಿತ್ತು. ಡೆನಿಸ್ ಕಲಿಸಿದ ರೀತಿ ಸರಿ ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಕಲಿತದ್ದು ಮಾತ್ರ ಮರೆತಿಲ್ಲ.

ಮೂರ್ನಾಲ್ಕು ವರ್ಷ ಕಳೆದ ಮೇಲೆ ನನ್ನನ್ನು ಅಂಗಡಿಗಳಿಗೆ ಭೇಟಿ ಕೊಡುವ ಕೆಲಸಕ್ಕೆ ಹಾಕಿದರು. ಒಂದು ಸಣ್ಣ ಕಾರು, ಒಂದು ಫೈಲು. ಅಂಗಡಿಯವರಿಗೆ ಹೊಸ ಪದ್ಧತಿ ಕಲಿಸುವುದು ನನ್ನ ಕೆಲಸ. ಕಲಿಸುವುದು ಎಂದರೆ ಬೈಸಿಕೊಳ್ಳುವುದು. ಆಗಷ್ಟೇ ಸ್ಕ್ರೂ, ಮೊಳೆಗಳನ್ನೆಲ್ಲ ಹತ್ತು ಹನ್ನೆರಡರಂತೆ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಹಾಕಿ ಕೊಕ್ಕೆಗೆ ತೂಗುಹಾಕುವ ಪದ್ಧತಿ ಬಂದಿತ್ತು. ಗಿರಾಕಿ ತಾನೇ ತೆಗೆದುಕೊಳ್ಳುತ್ತಾನೆ, ಮರದ ಡ್ರಾಯರುಗಳನ್ನೆಲ್ಲ ಎಸೆಯಿರಿ ಎಂದು ನಾನು ಊರೂರು ಹೇಳಿಕೊಂಡು ತಿರುಗಿದೆ. ಸ್ಟ್ರಾಟ್‌ಫರ್ಡಿನ ಜಯಂತಿಭಾಯಿ ಎಂಬ ಗುಜರಾತಿ ಯಜಮಾನರು ಮಾತ್ರ ಒಂದೇ ಮಾತಿಗೆ ಒಪ್ಪಿದರು. ಎಲ್ಲ ಅಂಗಡಿಗಳಿಗೂ ಅವರ ಹೆಸರು ಹೇಳಿ ಬೀಗಿದೆ. ತಿಂಗಳು ಬಿಟ್ಟು ಹೋಗಿ ನೋಡಿದರೆ ಕೊಕ್ಕೆಗಳ ತುಂಬ ಪೊಟ್ಟಣಗಳು ಅಂದವಾಗಿ ತೂಗುತ್ತಿವೆ. ಒಂದನ್ನು ಕೈಗೆ ತೆಗೆದುಕೊಂಡೆ, ಹಗುರ. ಇನ್ನೊಂದು, ಅದೂ ಹಗುರ. ಹಿಂದಿನಿಂದ ಬ್ಲೇಡಿನಲ್ಲಿ ಸೀಳಿ ಸ್ಕ್ರೂಗಳನ್ನು ಬಿಡಿಬಿಡಿಯಾಗಿ ಮಾರಿ, ಖಾಲಿ ಪೊಟ್ಟಣವನ್ನು ಮರಳಿ ತೂಗುಹಾಕಿದ್ದರು.

"ಎರಡು ಸ್ಕ್ರೂ ಬೇಕು ಅಂತ ಬಂದವರಿಗೆ ಹನ್ನೆರಡು ಕೊಟ್ಟರೆ ಉಳಿದ ಹತ್ತನ್ನು ಅವರು ಏನು ಮಾಡಬೇಕು, ಬೆಹನ್?" ಎಂದು ಕೇಳಿದರು. "ಪೊಟ್ಟಣ ನಿಮಗೋಸ್ಕರ ಇಟ್ಟಿದ್ದೇನೆ. ನೀವು ಬರುವಾಗ ಚೆನ್ನಾಗಿ ಕಾಣಲಿ ಅಂತ."

ನಗು ಬಂತು, ಅವಮಾನವೂ ಆಯಿತು. ವರದಿಯಲ್ಲಿ ‘ತೃಪ್ತಿಕರ’ ಎಂದು ಬರೆದೆ.

ಆಮೇಲೆ ಫ್ಯಾಕ್ಸ್ ಬಂತು, ಕಂಪ್ಯೂಟರ್ ಬಂತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಏನು ತರಿಸಬೇಕು ಎಂದು ಕಂಪ್ಯೂಟರೇ ಹೇಳತೊಡಗಿತು. ಬೇಸಿಗೆಯ ನಡುವೆ ಹಿಮ ಗೋರುವ ಸಲಿಕೆ ತರಿಸಿ ಎಂದು ಅದು ಒಮ್ಮೆ ಹೇಳಿತು, ಮೂರು ಅಂಗಡಿಯವರು ತರಿಸಿಯೂ ಬಿಟ್ಟರು. ಯಂತ್ರ ಹೇಳಿದ್ದಕ್ಕೆ ಎದುರು ಹೇಳುವ ಧೈರ್ಯ ಅವರಲ್ಲಿ ಇರಲಿಲ್ಲ. ನನ್ನ ಎದುರು ಮಾತ್ರ ಎಲ್ಲರೂ ಹುಲಿಗಳು.

ಆದರೆ ನಾನು ಹೇಳಬೇಕೆಂದು ಕೂತದ್ದು ತೊಂಬತ್ತರ ದಶಕದ ಕೊನೆಯಲ್ಲಿ ನಡೆದ ಒಂದು ಸಂಗತಿ. ಇಷ್ಟು ಹೊತ್ತು ಅದರ ಸುತ್ತ ಸುತ್ತುತ್ತಿದ್ದೆ.

ನನ್ನ ಗಂಡನ ಜೊತೆ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಭಾಸ್ಕರ ಎಂಬವನಿದ್ದ. ನಮ್ಮ ಕುಂದಾಪುರದ ಕಡೆಯವನೇ. ನಲವತ್ತು ದಾಟಿದವನು, ಕಂಬದಂಥ ಆಳು. ಅಡುಗೆಮನೆಯ ಹೊಗೆ ಅವನ ಎದೆಗೆ ಆಗದೆ ಕೆಮ್ಮು ಹತ್ತಿತ್ತು. ಆ ಕೆಲಸ ಬಿಡದಿದ್ದರೆ ಕೆಟ್ಟದ್ದಾಗುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಪಿನ್ನರ್‌ನ ಅಂಚಿನಲ್ಲಿ, ರೈಲುಹಳಿಯ ಆಚೆ, ಮುಚ್ಚಿದ್ದ ಒಂದು ಹಳೆಯ ಅಂಗಡಿಯನ್ನು ಅವನೂ ಅವನ ಹೆಂಡತಿ ಲೀಲಾಳೂ ಬಾಡಿಗೆಗೆ ಹಿಡಿದರು. ಹಾರ್ಡ್‌ವೇರ್ ಅಂಗಡಿ ಮಾಡುತ್ತೇವೆ, ನಿಮ್ಮ ಒಕ್ಕೂಟಕ್ಕೆ ಸೇರಿಸಿ ಎಂದು ನನ್ನ ಬಳಿ ಬಂದರು. ಒಕ್ಕೂಟಕ್ಕೆ ಸೇರದಿದ್ದರೆ ಅಂಥ ಚಿಕ್ಕ ಅಂಗಡಿಗೆ ಸಗಟಿನಲ್ಲಿ ಸಾಮಾನು ಕೊಡುವವರೇ ಇರಲಿಲ್ಲ. ಸೇರಿದರೆ ಅಂಗಡಿ, ಇಲ್ಲದಿದ್ದರೆ ಅವನು ಮತ್ತೆ ಆ ಹೊಗೆಗೆ ಹೋಗಬೇಕು.

ಅರ್ಜಿ ಬರೆದವಳು ನಾನೇ. ಎಲ್ಲ ಸರಿಯಾಗಿತ್ತು. ಒಂದು ಸಹಿ ಮಾತ್ರ ಬಾಕಿ. ಅತಿ ಹತ್ತಿರದ ಸದಸ್ಯ ಅಂಗಡಿಯ ಯಜಮಾನ ‘ನನ್ನ ಅಡ್ಡಿ ಇಲ್ಲ’ ಎಂದು ಬರೆದುಕೊಡಬೇಕು. ಆ ಯಜಮಾನರು ಪಿನ್ನರ್‌ನ ಮಿಸ್ಟರ್ ಹಾಲೊವೇ. ಎಪ್ಪತ್ತು ದಾಟಿದವರು, ಒಬ್ಬಂಟಿ, ಕಂದು ಬಣ್ಣದ ಉದ್ದ ಕೋಟು ಹಾಕಿಕೊಂಡು ಕೌಂಟರಿನ ಹಿಂದೆ ನಿಲ್ಲುತ್ತಿದ್ದರು. ಅವರು ಹಸಿರು ಬೋರ್ಡನ್ನು ತಮ್ಮ ಅಂಗಡಿಗೆ ಹಾಕಿಸಿಕೊಳ್ಳದೆ ಇಪ್ಪತ್ತು ವರ್ಷ ಹಟ ಹಿಡಿದವರು.

"ಮಿಸ್ಟರ್ ಹಾಲೊವೇ ಡಬ್ಬಿ ನಡಿಗೆ ಆಗಲಿ ಅನ್ನುತ್ತಿದ್ದಾರೆ," ಎಂದರು ಡೆನಿಸ್ ಫೋನಿನಲ್ಲಿ. "ಶನಿವಾರ ಬೆಳಿಗ್ಗೆ. ನೀವು ಸಾಕ್ಷಿಗೆ ಹೋಗಬೇಕು. ಅದು ಏನು ಅಂತ ನಿಮಗೆ ಗೊತ್ತಲ್ಲ?"

ಗೊತ್ತು ಎಂದೆ. ಗೊತ್ತಿರಲಿಲ್ಲ. ಎಂಟು ವರ್ಷ ಕೆಲಸ ಮಾಡಿದವಳು, ಅಂಗಡಿ ಅಂಗಡಿಗೆ ಹೋಗಿ ಪಾಠ ಹೇಳುವವಳು, ಈಗ ಹೋಗಿ ‘ಡಬ್ಬಿ ನಡಿಗೆ ಎಂದರೇನು’ ಎಂದು ಕೇಳಿದರೆ ಏನಂದುಕೊಂಡಾರು ಎಂದು ನಾಚಿಕೆಯಾಯಿತು. ಒಮ್ಮೆ ಊಟದ ಹೊತ್ತಿನಲ್ಲಿ ಯಾರೋ ಆಡಿದ್ದ ಮಾತು ಕಿವಿಗೆ ಬಿದ್ದಿತ್ತು. ಹೊಸ ಅಂಗಡಿಯವನು ಸೀಮೆಎಣ್ಣೆ ಡಬ್ಬಿ ಹಿಡಿದು ಹಳೆಯ ಅಂಗಡಿಯಿಂದ ತನ್ನ ಅಂಗಡಿಗೆ ನಡೆಯಬೇಕು, ಹಳೆಯವನು ಹಿಂದಿನಿಂದ ನೋಡುತ್ತಾ ಬರುತ್ತಾನೆ, ಅಷ್ಟೇ. ಇದು ಹೊಸಬನ ಗಟ್ಟಿತನದ ಪರೀಕ್ಷೆ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ನಮ್ಮ ಕಡೆ ಹೊಸ ಅಳಿಯನ ಕೈಯಲ್ಲಿ ತೆಂಗಿನಕಾಯಿ ಸುಲಿಸಿ ನೋಡುತ್ತಾರಲ್ಲ, ಹಾಗೆ.

ಶುಕ್ರವಾರ ಸಂಜೆ ಭಾಸ್ಕರನಿಗೆ ಫೋನ್ ಮಾಡಿದೆ.

"ನಾನ್ ಎಂತ ಮಾಡ್ಕ್ ಅಕ್ಕ?" ಎಂದು ಕೇಳಿದ.

"ಎಂತ ಇಲ್ಲೆ. ಅವ್ರ್ ಕೊಟ್ ಡಬ್ಬಿ ಹಿಡ್ಕಂಡ್ ನಿನ್ ಅಂಗ್ಡಿ ತನ್ಕ ನಡುದ್. ಅವ್ರ್ ಹಿಂದಿಂದ ಕಾಣ್ತಾ ಬತ್ರ್."

"ಅಷ್ಟೇಯಾ?"

"ಅಷ್ಟೇ. ಮರ್ಯಾದಿ ಒಳ್ಸ್ ಮಾರಾಯಾ. ಸೋತವ್ರಂಗೆ ಕಾಂಬುಕಾಗ." ದಣಿದಂತೆ ಕಾಣಬಾರದು ಎಂದು ಒತ್ತಿ ಹೇಳಿದೆ.

"ಅನ್ನದ್ ಹಂಡೆ ಹೊತ್ ಕೈ ಅಕ್ಕ ಇದ್. ಡಬ್ಬಿ ಎಂತದ್ದ್!" ಎಂದು ನಕ್ಕ. ನನಗೂ ನೆಮ್ಮದಿಯಾಯಿತು. ಎಂಥ ನೆಮ್ಮದಿ!

ಶನಿವಾರ ಹಾಲೊವೇ ಅಂಗಡಿಗೆ ಬೀಗ ಹಾಕಿ, ಬಾಗಿಲಿಗೆ ‘ಒಂದು ಗಂಟೆಯಲ್ಲಿ ಬರುತ್ತೇನೆ’ ಎಂಬ ಚೀಟಿ ಅಂಟಿಸಿ, ತಲೆಗೆ ಟೋಪಿ ಹಾಕಿಕೊಂಡು ಹೊರಗೆ ನಿಂತಿದ್ದರು. ಕಾಲ ಬಳಿ ಎರಡು ಗ್ಯಾಲನ್ ಹಿಡಿಯುವ ಹಳೆಯ ತಗಡಿನ ಡಬ್ಬಿ, ಮೇಲೆ ಸಣ್ಣ ತಂತಿಯ ಹಿಡಿ. ಸೀಮೆಎಣ್ಣೆಯ ಬದಲು ನೀರು ತುಂಬಿಸಿದ್ದರು. ಭಾಸ್ಕರ ಇಸ್ತ್ರಿ ಮಾಡಿದ ಷರ್ಟು ತೊಟ್ಟು ಬಂದಿದ್ದ. ಹಾಲೊವೇ ಅವನ ಕೈಕುಲುಕಿ, "ನಿಮ್ಮ ಕೈ ಕೇಳಿದಾಗ ಇಳಿಸಿ, ಅವಸರವಿಲ್ಲ," ಎಂದರು. ಮರ್ಯಾದೆಯ ಮಾತು ಎಂದುಕೊಂಡೆ ನಾನು. ಭಾಸ್ಕರ ಬಗ್ಗಿ, ಡಬ್ಬಿ ಎತ್ತಿ, ಹೊರಟೇಬಿಟ್ಟ.

ಅವನು ಮುಂದೆ, ನಾವಿಬ್ಬರು ಹತ್ತು ಹೆಜ್ಜೆ ಹಿಂದೆ. ಹಾಲೊವೇ ಒಂದು ಸಣ್ಣ ನೋಟ್‌ಬುಕ್ಕು, ಪೆನ್ಸಿಲು ಹಿಡಿದಿದ್ದರು. ದಿಬ್ಬ ಇಳಿದೆವು, ಚರ್ಚು ದಾಟಿದೆವು. ಭಾಸ್ಕರ ಒಮ್ಮೆ ಕೈ ಬದಲಿಸಿದ, ನಿಲ್ಲಲಿಲ್ಲ. ರೈಲುಹಳಿಯ ಮೇಲಿನ ಕಾಲುಸೇತುವೆಯನ್ನು ಎರಡೆರಡು ಮೆಟ್ಟಿಲು ಹತ್ತಿದ. ನನಗೆ ಒಳಗೊಳಗೇ ಹೆಮ್ಮೆ.

"ಗಟ್ಟಿ ಮನುಷ್ಯ ಅಲ್ಲವೇ?" ಎಂದೆ.

"ತುಂಬಾ ಗಟ್ಟಿ," ಎಂದರು ಹಾಲೊವೇ. ಅವರ ಧ್ವನಿಯಲ್ಲಿ ಮೆಚ್ಚುಗೆ ಇರಲಿಲ್ಲ. ಏನೋ ಬೇಸರವಿತ್ತು. "ನನ್ನ ಸರದಿ ಬಂದಾಗ ನಾನು ನಾಲ್ಕು ಸಲ ಇಳಿಸಿದ್ದೆ. ನನಗೆ ಸಹಿ ಹಾಕಿದ ಮುದುಕನಿಗೆ ಮೂರೇ ಸಾಕಾಗಿತ್ತು."

"ಸಾಕಾಗಿತ್ತು ಅಂದರೆ?"

ಅವರು ನನ್ನ ಮುಖ ನೋಡಿದರು. ನನಗೆ ಗೊತ್ತಿಲ್ಲ ಎಂದು ಅವರಿಗೆ ಆಗ ತಿಳಿಯಿತು. ಬೈಯಲಿಲ್ಲ, ನಿಧಾನವಾಗಿ ಹೇಳಿದರು. ಹಿಂದೆ ಇಲ್ಲಿನ ಮನೆಗಳನ್ನು ಬೆಚ್ಚಗಿಡುತ್ತಿದ್ದದ್ದು ಸೀಮೆಎಣ್ಣೆಯ ಒಲೆ. ಜನ ವಾರಕ್ಕೊಮ್ಮೆ ಡಬ್ಬಿ ಹಿಡಿದು ಅಂಗಡಿಗೆ ಬಂದು ತುಂಬಿಸಿಕೊಂಡು ಹೋಗುತ್ತಿದ್ದರು. ತುಂಬಿದ ಡಬ್ಬಿ ಭಾರ, ಹಿಡಿ ಕೈ ಕೊರೆಯುತ್ತದೆ. ದಾರಿಯಲ್ಲಿ ಮೂರು ಸಲ ಇಳಿಸಬೇಕಾದಷ್ಟು ದೂರದಿಂದ ಯಾರೂ ಬರುವುದಿಲ್ಲ. ಆದ್ದರಿಂದ ಎರಡು ಅಂಗಡಿಗಳ ನಡುವೆ ಡಬ್ಬಿಯನ್ನು ಮೂರು ಸಲವಾದರೂ ಇಳಿಸಬೇಕಾಗಿ ಬಂದರೆ ಒಬ್ಬರ ಗಿರಾಕಿ ಇನ್ನೊಬ್ಬರಿಗೆ ಹೋಗುವುದಿಲ್ಲ, ಹಳಬರು ಸಹಿ ಹಾಕಲೇಬೇಕು. ಅದಕ್ಕಿಂತ ಕಡಿಮೆಯಾದರೆ ಅಂಗಡಿ ತೀರಾ ಹತ್ತಿರವಾಯಿತು ಎಂದು ಅರ್ಥ. ಸಹಿ ಹಾಕುವ ಹಾಗಿಲ್ಲ.

"ಅರ್ಜಿ ಹಾಕಿದವನೇ ಯಾಕೆ ಹೊರಬೇಕು? ಅವನು ಹತ್ತು ಸಲ ಇಳಿಸಿಬಿಡಬಹುದಲ್ಲ?" ಎಂದೆ.

"ಯಾರ ಹತ್ತಿರ ಕೇಳಲು ಬಂದಿದ್ದಾನೋ ಅವರ ಕಣ್ಣೆದುರೇ ದಣಿದ ನಾಟಕ ಆಡಲು ನಾಚಿಕೆಯಾಗುತ್ತದೆ. ಅಂಗಡಿಯವನಿಗೆ ಅಷ್ಟು ನಾಚಿಕೆ ಇರಬೇಕು ಅಂತ ಹಿರಿಯರ ಲೆಕ್ಕ," ಎಂದರು. "ಆದರೆ ಒಮ್ಮೆಯೂ ಇಳಿಸದವನನ್ನು ನಾನು ನೋಡಿರಲಿಲ್ಲ."

ನಾನು ಮುಂದೆ ನೋಡಿದೆ. ಭಾಸ್ಕರ ಸೇತುವೆ ಇಳಿದು ತನ್ನ ಬೀದಿಯ ಕಡೆ ತಿರುಗುವುದರಲ್ಲಿದ್ದ. ಕೆಲಸ, ಸಾಕ್ಷಿ, ನ್ಯಾಯ ಯಾವುದೂ ನನ್ನ ತಲೆಯಲ್ಲಿ ಇರಲಿಲ್ಲ. ಬೀದಿಯ ಜನ ತಿರುಗಿ ನೋಡುವಂತೆ ಕೂಗಿದೆ.

"ಹ್ವಾಯ್ ಭಾಸ್ಕರ! ಡಬ್ಬಿ ಕೆಳ್ಗ್ ಇಡ್ ಮಾರಾಯಾ!"

ಅವನು ತಿರುಗಿ ಹಲ್ಲು ಕಿರಿದ. "ಬ್ಯಾಡ ಅಕ್ಕ! ನಂಗೆ ಭಾರವೇ ಇಲ್ಲೆ!"

"ಭಾರ ಇತ್ತಾ ಅಂತ ಕೇಂಡದ್ದಲ್ಲ! ಇಡ್!"

"ನೀವ್ ಸುಮ್ನೆ ಬನ್ನಿ ಅಕ್ಕ!" ಎಂದವನು ಹೆಜ್ಜೆ ಇನ್ನೂ ಬೇಗ ಹಾಕಿದ.

"ಏನು ಹೇಳಿದಿರಿ ಅವನಿಗೆ?" ಎಂದು ಹಾಲೊವೇ ಕೇಳಿದರು. ಏನಾದರೂ ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿ ಬರಲಿಲ್ಲ.

"ಇಳಿಸು ಅಂದೆ. ತಪ್ಪು ಮಾಡಿದೆ. ನಿನ್ನೆ ಅವನಿಗೆ ಸರಿಯಾಗಿ ಹೇಳದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು."

"ಅವನು ಏನಂದ?"

"ಭಾರವೇ ಇಲ್ಲ ಅಂದ."

ಹಾಲೊವೇ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡರು.

ಭಾಸ್ಕರನ ಅಂಗಡಿಯೊಳಗೆ ಹೊಸ ಬಣ್ಣದ ವಾಸನೆ. ಕಪಾಟುಗಳಿಗೆ ಅವನೇ ಬಣ್ಣ ಬಳಿದಿದ್ದ. ಖಾಲಿ ಕಪಾಟು, ಖಾಲಿ ಕೊಕ್ಕೆ, ಒಂದು ಮೂಲೆಯಲ್ಲಿ ಲೀಲಾ ಗೋಳಿಬಜೆ, ಚಹಾ ಇಟ್ಟುಕೊಂಡು ಕಾಯುತ್ತಿದ್ದಳು. ಭಾಸ್ಕರ ಡಬ್ಬಿಯನ್ನು ಕೌಂಟರಿನ ಮೇಲೆ ಇಟ್ಟು, "ಕಂಡ್ರ್ಯಾ ಅಕ್ಕ? ಒಂದ್ ಸಲವೂ ಇಟ್ಟಿಲ್ಲೆ," ಎಂದ. ಬೆವರು ಕೂಡ ಬಂದಿರಲಿಲ್ಲ. ಹಾಲೊವೇ ನೋಟ್‌ಬುಕ್ಕು ತೆರೆದು ತಾರೀಖು ಬರೆದು, ಎದುರಿಗೆ ‘ಒಂದೂ ಇಲ್ಲ’ ಎಂದು ಬರೆದರು.

ನಾನು ಭಾಸ್ಕರನಿಗೆ ವಿಷಯ ಹೇಳಿದೆ. ನನ್ನ ವೃತ್ತಿಯಲ್ಲಿ ಅಷ್ಟು ಕಷ್ಟದ ಮಾತು ಬೇರೆ ಯಾವುದನ್ನೂ ಆಡಿಲ್ಲ. ಅವನ ಮೋರೆ ಬಾಡುವುದನ್ನು ನೋಡಲಾಗಲಿಲ್ಲ.

"ಹಂಗಾರೆ ಇನ್ನೊಂದ್ಸಲ ನಡಿತೆ ಅಕ್ಕ," ಎಂದ ಸಣ್ಣ ಧ್ವನಿಯಲ್ಲಿ. "ಹತ್ ಸಲ ಇಡ್ತೆ ಬೇಕಾರೆ. ಕೇಣಿ ಅವ್ರತ್ರ." ಕೇಳಿದೆ. ಅರ್ಜಿ ಹಾಕಿದವನು ನಡೆಯುವುದು ಒಂದೇ ಸಲ ಎಂದರು ಹಾಲೊವೇ.

"ಒಂದೇ ಸಲ ಅಂಬ್ರ್ ಮಾರಾಯಾ. ನಂದೇ ತಪ್ಪ್. ನಾನ್ ಡೆನಿಸ್ ಅತ್ರ ಕೇಣ್ಕ್ ಇತ್ತ್. ಕೇಣ್ಲಿಲ್ಲೆ."

ಲೀಲಾ ಚಹಾ ಬಗ್ಗಿಸಿ ಎಲ್ಲರಿಗೂ ಕೊಟ್ಟಳು. ಅವಳು ಎರಡು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಹಾಲೊವೇ ಗೋಳಿಬಜೆ ಒಂದನ್ನು ಪೂರ್ತಿ ತಿಂದರು, ಚೆನ್ನಾಗಿದೆ ಎಂದರು, ಕಪಾಟಿನ ಅಂಚನ್ನು ಬೆರಳಿನಲ್ಲಿ ಸವರಿ ಕೆಲಸ ಅಚ್ಚುಕಟ್ಟಾಗಿದೆ ಎಂದರು. ಸಹಿಯ ಮಾತು ಎತ್ತಲಿಲ್ಲ. ಅವರನ್ನು ದೂರುವ ಹಾಗೂ ಇರಲಿಲ್ಲ. ಗಿರಾಕಿಗಳು ಕಡಿಮೆಯಾಗುತ್ತಾ ಬಂದ ಮುದುಕ ತನ್ನ ಮಗ್ಗುಲಲ್ಲಿ ಇನ್ನೊಂದು ಅಂಗಡಿ ಏಳಲು ಯಾಕೆ ಬಿಡಬೇಕು?

ಹೊರಡುವಾಗ ಭಾಸ್ಕರ ಡಬ್ಬಿಗೆ ಕೈ ಹಾಕಿದ. ಎಷ್ಟು ನೊಂದಿದ್ದರೂ ಹಿರಿಯರ ಕೈಯಲ್ಲಿ ಭಾರ ಹೊರಿಸುವವನಲ್ಲ ಅವನು. ಹಾಲೊವೇ ಬೇಡ ಎಂದರು.

"ನನ್ನ ಡಬ್ಬಿ, ನಾನೇ ಒಯ್ಯುತ್ತೇನೆ."

"ನೀರಾದರೂ ಚೆಲ್ಲಿ," ಎಂದೆ ನಾನು.

"ಬೇಡ. ತುಂಬಿಸಿ ತಂದದ್ದನ್ನು ತುಂಬಿಸಿಯೇ ಒಯ್ಯುವುದು ಪದ್ಧತಿ," ಎಂದು ಎತ್ತಿಕೊಂಡು ಬಾಗಿಲು ದಾಟಿದರು.

ಮನಸ್ಸು ತಡೆಯದೆ ನಾನೂ ಭಾಸ್ಕರನೂ ಹಿಂದೆಯೇ ಹೊರಟೆವು. ಬೀದಿಯ ತುದಿಯ ತನಕವೂ ಹೋಗಿರಲಿಲ್ಲ, ಹಾಲೊವೇ ಡಬ್ಬಿ ಇಳಿಸಿದರು. ಷೂ ದಾರ ಕಟ್ಟಿಕೊಳ್ಳಲು ಎಂದುಕೊಂಡೆ. ಕಟ್ಟಿಕೊಳ್ಳಲಿಲ್ಲ, ಅಂಗೈ ನೋಡಿಕೊಂಡರು, ಮತ್ತೆ ಎತ್ತಿದರು. ಸೇತುವೆಯ ಬುಡದಲ್ಲಿ ಮತ್ತೊಮ್ಮೆ ಇಳಿಸಿದರು. ಭಾಸ್ಕರ ಓಡಿಹೋಗಿ ಕೈ ಚಾಚಿದ, ತಲೆ ಅಲ್ಲಾಡಿಸಿದರು. ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಸೇತುವೆಯ ಮೇಲೆ ಬಂದು ಮೂರನೆಯ ಸಲ ಇಳಿಸಿ, ಕಂಬಿ ಹಿಡಿದು ನಿಂತರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

ಕರುಣೆಯಿಂದ ನಾಟಕ ಆಡುತ್ತಿದ್ದಾರೆ ಎಂದು ನನಗೆ ಒಂದು ಕ್ಷಣ ಅನಿಸಿತ್ತು. ಹತ್ತಿರ ಹೋಗಿ ನೋಡಿದೆ. ಅಂಗೈಯಲ್ಲಿ ತಂತಿಯ ಹಿಡಿ ಕೊರೆದ ಕೆಂಪು ಗೆರೆ. ಅದು ನಾಟಕವಲ್ಲ. ಡಬ್ಬಿ ಹಿಡಿದು ನಡೆಯದೆ ಅವರಿಗೂ ಎಷ್ಟೋ ವರ್ಷಗಳಾಗಿದ್ದವು.

"ಮಿಸೆಸ್ ಶೆಟ್ಟಿ," ಎಂದರು, ನಾವು ಬಂದ ದಾರಿಯ ಕಡೆ ನೋಡುತ್ತಾ. "ಈ ಸೇತುವೆಯ ಆಚೆ ಒಬ್ಬ ಹೆಂಗಸು ಇದ್ದಾರೆ. ಮೂವತ್ತು ವರ್ಷ ಪ್ರತಿ ಶನಿವಾರ ನನ್ನ ಅಂಗಡಿಗೆ ಬರುತ್ತಿದ್ದರು. ಒಂದು ಬಲ್ಬಿಗೂ ನನ್ನ ಹತ್ತಿರವೇ ಬರುತ್ತಿದ್ದರು. ಆಮೇಲೆ ನಿಂತುಹೋಯಿತು. ದೊಡ್ಡ ಮಳಿಗೆ ಬಂತಲ್ಲ, ಅಲ್ಲಿಗೆ ಹೋಗುತ್ತಿದ್ದಾರೆ ಅಂತ ಮನಸ್ಸಿಗೆ ಹಾಕಿಕೊಂಡೆ. ಎರಡು ಸಲ ಚರ್ಚಿನಲ್ಲಿ ಸಿಕ್ಕರು, ಮುಖ ತಿರುಗಿಸಿಬಿಟ್ಟೆ."

ರೈಲು ಬಂತು. ಸೇತುವೆಯ ಕೆಳಗೆ ದಾಟಿಹೋಯಿತು.

"ಅವರು ನನ್ನನ್ನು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ," ಎಂದರು. "ಅವರಿಗೆ ವಯಸ್ಸಾಯಿತು, ಅಷ್ಟೇ. ಈ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ."

ನೋಟ್‌ಬುಕ್ಕು ತೆಗೆದರು. ‘ಒಂದೂ ಇಲ್ಲ’ ಎಂಬುದನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ, ‘ಗಿರಾಕಿಯ ವಯಸ್ಸಿನವನು ಹೊತ್ತಾಗ ಅರ್ಧ ದಾರಿಗೇ ಮೂರು’ ಎಂದು ಬರೆದು, ‘ನನ್ನ ಅಡ್ಡಿ ಇಲ್ಲ’ ಎಂದು ಸೇರಿಸಿ ಸಹಿ ಹಾಕಿ, ಹಾಳೆ ಹರಿದು ನನ್ನ ಕೈಗೆ ಕೊಟ್ಟರು. ನನ್ನ ಕಣ್ಣು ತುಂಬಿತು. ಹಾಳೆಯನ್ನು ಭಾಸ್ಕರನತ್ತ ಚಾಚಿದೆ. ಅವನು ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡ.

"ಈಗ ಡಬ್ಬಿ ಇವರ ಕೈಯಲ್ಲಿ ಇರಲಿ," ಎಂದರು ಹಾಲೊವೇ, ಭಾಸ್ಕರನನ್ನು ತೋರಿಸಿ. "ನನಗೆ ಒಂದು ಮನೆಗೆ ಹೋಗಬೇಕಾಗಿದೆ."

ತಮ್ಮ ಅಂಗಡಿಯ ಕಡೆ ಹೋಗದೆ, ಬಂದ ದಾರಿಯಲ್ಲೇ ಮೆಟ್ಟಿಲು ಇಳಿದು ಸೇತುವೆಯ ಆಚೆಗೆ ನಡೆದರು. ನಾವಿಬ್ಬರು ಮೇಲೆಯೇ ನಿಂತು ನೋಡುತ್ತಿದ್ದೆವು. ಮೂಲೆಯಿಂದ ಎರಡನೆಯ ಮನೆಯ ಗೇಟು ತೆರೆದು, ಬಾಗಿಲಿನ ಗಂಟೆ ಒತ್ತಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕಾದರು.